ಸಮುದ್ರಕ್ಕೆ ಹೋಗ್ತದೆ ಬಿಡಪ್ಪಾ

ಆ ದೊಡ್ಡ ಮಳೆಯ ಹಿಂದಿನ ದಿನ ಪಕ್ಕದ ಹೊಲದವನು ಎಂದಿನಂತೆ ಟೊಮ್ಯಾಟೊ ಸಾಲಿಗೆ ಹೊದಿಸಿದ್ದ ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು, ಕಾಲಿನಿಂದಲೇ ಕಾಲುವೆಗೆ ತಳ್ಳಿ, ಪಂಚೆಗೆ ಕೈ ಒರೆಸಿಕೊಂಡ.

"ಪಾಲಾರ್ ಹೊಳೆ ಹಿಡಿದು ಸಮುದ್ರಕ್ಕೆ ಹೋಗ್ತದೆ ಬಿಡಪ್ಪಾ."

"ಸಮುದ್ರ ಏನು ನಿಮ್ಮ ಮಾವನ ಮನೆ ತಿಪ್ಪೇನಾ ಅಣ್ಣಾ?" ಎಂದು ನನ್ನ ತಮ್ಮ ನಕ್ಕ.

"ತಿಪ್ಪೆ ತುಂಬ್ತದೆ ಕಣೋ. ಸಮುದ್ರ ತುಂಬಲ್ಲ."

ಮರುದಿನ ಆ ಹಾಳೆ ನಮ್ಮ ಹೊಲದ ಮೋರಿಯನ್ನೂ ದಾಟಲಿಲ್ಲ. ಅಲ್ಲೇ ಸಿಕ್ಕಿಕೊಂಡು ನೀರನ್ನು ಹೊಲಕ್ಕೆ ನುಗ್ಗಿಸಿತು. ಅದನ್ನು ಕೊಯ್ಯಲು ಕುಡುಗೋಲು ಹಿಡಿದು ಇಳಿದ ತಮ್ಮನ ಕಾಲಿಗೆ ಸುತ್ತಿಕೊಂಡಿತು. ನೀರು ಇಳಿದ ಮೇಲೆ ಹೆಣ ಎತ್ತಿದೆವು.

ತಿಥಿಗೆ ಆ ಮಹಾನುಭಾವ ಎಲ್ಲರಿಗಿಂತ ಮೊದಲು ಬಂದು ಹೊಟ್ಟೆ ತುಂಬ ಉಂಡ. ಆಮೇಲೆ ಪ್ಲಾಸ್ಟಿಕ್ ಎಲೆ, ಲೋಟಗಳನ್ನು ತಾನೇ ಬಾಚಿ ಅದೇ ಕಾಲುವೆಗೆ ಸುರಿದ. "ಸಮುದ್ರಕ್ಕೆ ಹೋಗ್ತದೆ ಬಿಡಪ್ಪಾ" ಎಂದು ನನ್ನ ಬೆನ್ನು ತಟ್ಟಿದ.

ತಮ್ಮನ ಕುಡುಗೋಲು ಇನ್ನೂ ಸಿಕ್ಕಿಲ್ಲ. ಅದು ಮಾತ್ರ ಸಮುದ್ರಕ್ಕೆ ಹೋಗಿರಬೇಕು.