ಡ್ರಿಲ್ ಮೇಷ್ಟ್ರ ಭೂಕಂಪ

ಸರ್ಕಾರದ ಅಪಾಯದ ನಕ್ಷೆಯಲ್ಲಿ ಈ ಜಿಲ್ಲೆಗೆ ಹಸಿರು ಬಳಿದಿದ್ದಾರೆ. ಇಲ್ಲಿ ಭೂಮಿ ನಡುಗಿದ್ದನ್ನು ಅಜ್ಜಂದಿರೂ ಕಂಡಿಲ್ಲ. ಆದರೆ ನಿವೃತ್ತ ಡ್ರಿಲ್ ಮೇಷ್ಟ್ರಿಗೆ ಸರ್ಕಾರದ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. "ಏನೂ ಆಗಲ್ಲ ಅಂತ ಅವ್ರು ಅಂದ ದಿನಾನೇ ಗಂಟುಮೂಟೆ ಕಟ್ಬೇಕು" ಎನ್ನುತ್ತಾರೆ. ಬೀರುವನ್ನು ಗೋಡೆಗೆ ಬಿಗಿದಿದ್ದಾರೆ. ಅಡುಗೆಮನೆಯ ಡಬ್ಬಿಗಳಿಗೂ ಹಗ್ಗ ಕಟ್ಟಿದ್ದಾರೆ. ಹೆಂಡತಿ ಒಂದು ಚಮಚ ಸಕ್ಕರೆಗೆ ಮೂರು ಗಂಟು ಬಿಚ್ಚಬೇಕು. "ಭೂಕಂಪ ಬಂದ್ರೆ ಒಂದೇ ಸಲ ಸಾಯ್ತೀನಿ ಕಣ್ರೀ, ನಿಮ್ಮಿಂದ ದಿನಾ ಸಾಯ್ತಿದೀನಿ" ಎಂದು ಆಕೆ ಸಿಡುಕುತ್ತಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯಿಂದ ಬೀದಿಗೆ ಇಳಿಯುವ ಕವಾಯತು. ಮೇಷ್ಟ್ರು ಒಂದೇ ನಿಮಿಷದಲ್ಲಿ ಕೆಳಗೆ ನಿಂತು, ಗಡಿಯಾರ ನೋಡುತ್ತ ಸೀಟಿ ಊದುತ್ತಾರೆ. ಮಂಡಿ ಸವೆದ ಆಕೆ ಮೆಟ್ಟಿಲಿಗೊಂದು ಬೈಗುಳ ಇಟ್ಟು ಏಳು ನಿಮಿಷಕ್ಕೆ ಇಳಿಯುತ್ತಾಳೆ. ಅಕ್ಕಪಕ್ಕದವರು ಟೀ ಲೋಟ ಹಿಡಿದು ನಗುತ್ತಾರೆ. ನಿಜವಾಗಿ ನಡುಗಿದ ದಿನವೂ ಈ ಮನುಷ್ಯ ಹೀಗೇ ಬಿಟ್ಟು ಓಡಿದರೆ ಎಂಬ ಅಳುಕನ್ನು ಆಕೆ ಯಾರಿಗೂ ಹೇಳಿಲ್ಲ. ಮೊನ್ನೆ ಮೇಷ್ಟ್ರು ಸಮಯ ಬರೆದಿಡುವ ಕವಾಯತಿನ ಪುಸ್ತಕ ಆಕೆಯ ಕೈಗೆ ಸಿಕ್ಕಿತು. 'ನಿಜವಾದ ಭೂಕಂಪದ ದಿನಕ್ಕೆ' ಎಂಬ ಪುಟದಲ್ಲಿ ಆಕೆಗೆ ಏಳು ನಿಮಿಷ, ಮೇಷ್ಟ್ರಿಗೂ ಏಳೇ ನಿಮಿಷ ಎಂದು ಬರೆದಿತ್ತು. "ನೀವು ಒಂದು ನಿಮಿಷಕ್ಕೇ ಇಳೀತೀರಲ್ರೀ?" ಎಂದು ಆಕೆ ಕೇಳಿದಳು. ಮೇಷ್ಟ್ರು ಹಗ್ಗ ಬಿಗಿಯುತ್ತಲೇ ಅಂದರು: "ಮೊದ್ಲೇ ಇಳಿದು ಅಲ್ಲಿ ಯಾರ ಹತ್ರ ಬೈಸ್ಕೊಳ್ಲಿ?"