ಹೊನ್ನಿ ಆರಿಸಿದ ಉಪ್ಪುನೀರಿನ ಭತ್ತ

ಗಂಡ ಸತ್ತ ಮೇಲೂ ಹೊನ್ನಿ ತನ್ನ ಗಜನಿ ಗದ್ದೆಯನ್ನು ಒಂದು ವರ್ಷವೂ ಪಾಳು ಬಿಟ್ಟವಳಲ್ಲ. ಗಜನಿ ಎಂದರೆ ಅಘನಾಶಿನಿ ಹೊಳೆಯ ಉಪ್ಪುನೀರಿಗೆ ಕಟ್ಟೆ ಹಾಕಿ ಮಾಡಿದ ಗದ್ದೆ. ಮಿರ್ಜಾನದ ಎದುರು ದಡದ ನಮ್ಮ ಗಜನಿಯಲ್ಲಿ ಎಲ್ಲರೂ ಬಿತ್ತುತ್ತಿದ್ದುದು ಕಗ್ಗ ಎಂಬ ಕೆಂಪು ಭತ್ತ. ಉಪ್ಪುನೀರು ನುಗ್ಗಿ ದಿನಗಟ್ಟಲೆ ನಿಂತರೂ ಅದು ಸಾಯುತ್ತಿರಲಿಲ್ಲ. ಕಟ್ಟೆ ಒಂದೇ, ನೀರಿನ ಬಾಗಿಲು ಒಂದೇ. ಹಾಗಾಗಿ ಬಿತ್ತುವುದು, ಕೊಯ್ಯುವುದು ಎಲ್ಲರದೂ ಒಟ್ಟಿಗೆ. ಈ ಒಗ್ಗಟ್ಟನ್ನು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ.

೧೯೬೧ರಲ್ಲಿ ಗ್ರಾಮಸೇವಕರು ಹೊಸ ಬೀಜ ತಂದರು. ಬಿಳಿ ಅಕ್ಕಿ ಎಂದದ್ದೇ ತಡ, ನಮ್ಮ ಗಂಡಸರೆಲ್ಲ ತಲೆಯಾಡಿಸಿದರು. ನೆಂಟರಿಗೆ ಕೆಂಪು ಅನ್ನ ಬಡಿಸಲು ನಮಗೆ ನಾಚಿಕೆ ನೋಡಿ. ಮನೆಮನೆಯ ಕಗ್ಗದ ಬೀಜ ಕುಚ್ಚಲಕ್ಕಿಯಾಯಿತು. ಹೊನ್ನಿ ಮಾತ್ರ ಹುಲ್ಲು ಸುತ್ತಿ ಕಟ್ಟಿದ ಎರಡು ಮುಡಿ ಬೀಜ ಅಟ್ಟದಲ್ಲಿಟ್ಟುಕೊಂಡು, ಹೊಸ ಭತ್ತ ಉಪ್ಪು ತಡೆಯುವುದನ್ನು ನೋಡಿದವರು ಯಾರು ಎಂದು ಕೇಳಿದಳು. ಗಜನಿಯವರೆಲ್ಲ ಸೇರಿದ ಕೂಟದ ಹಿರಿಯ ದೇವು ಅವಳ ಗಂಡನ ಅಣ್ಣ.

"ಎಲ್ಲರೂ ಒಂದೇ ಭತ್ತ ಬಿತ್ತೂದು. ನಿಂದೊಂದು ಬೇರೆ ಎಂತಕೆ?" ಎಂದ.

ಅವಳು ಮಗಳ ಬಾಣಂತನಕ್ಕೆ ಬಾಡ ಎಂಬ ಊರಿಗೆ ಹೋದಾಗ ಕಟ್ಟೆ ರಿಪೇರಿ ನಡೆಯಿತು. ಕೆಲಸದವರ ಊಟಕ್ಕೆಂದು ದೇವು ಆ ಎರಡೂ ಮುಡಿ ಇಳಿಸಿ, ಕುಟ್ಟಿಸಿ ಬೇಯಿಸಿಬಿಟ್ಟ. ತಡೆಯಬೇಕಿದ್ದ ನಾನು ಎಲೆ ಹಾಸಿಕೊಂಡು ಕೂತೆ, ಎರಡು ಸಲ ಬಡಿಸಿಕೊಂಡೆ. ಬೀಜ ತಿಂದ ಬಾಯಿ ಇದು.

ಸೆಪ್ಟೆಂಬರಿನಲ್ಲಿ ಮಳೆ ನಿಂತು ಹೊಳೆ ಉಪ್ಪಾಯಿತು, ಅಮಾವಾಸ್ಯೆಯ ಉಬ್ಬರಕ್ಕೆ ಕಟ್ಟೆ ಒಡೆಯಿತು. ವಾರದೊಳಗೆ ಹೊಸ ಭತ್ತ ಸುಟ್ಟುಹೋಯಿತು. ಗ್ರಾಮಸೇವಕರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಆಚೀಚೆಯ ಗಜನಿಗಳಲ್ಲೂ ಇದೇ ಕಥೆ, ಬೀಜ ಕೇಳೋಣವೆಂದರೆ ಯಾರಲ್ಲೂ ಇಲ್ಲ.

ಕಟ್ಟೆಯ ಹೊರಗೆ, ಉಪ್ಪುಕೆಸರಿನಲ್ಲಿ, ಉದ್ದ ಮೀಸೆಯ ಕಾಡುಭತ್ತ ಮಾತ್ರ ಹಸಿರಾಗಿ ನಿಂತಿತ್ತು. ಅದು ಕಗ್ಗದ ನೆಂಟ. ಎರಡೂ ಬೆರೆತ ಗಿಡಗಳು ಅಲ್ಲಲ್ಲಿ ಇದ್ದವು. ತೊಂದರೆ ಒಂದೇ, ಹಣ್ಣಾದ ಕಾಳು ಕೈ ತಾಗಿದರೆ ಉದುರುತ್ತದೆ. ಹೊನ್ನಿ ಮೊಣಕಾಲು ಕೆಸರಿನಲ್ಲಿ ನಿಂತು ಒಂದೊಂದೇ ತೆನೆ ಅಲುಗಾಡಿಸಿದಳು. ಉದುರದೆ ಉಳಿದ ಕಾಳನ್ನಷ್ಟೇ ಬಿಡಿಸಿ ಸೆರಗಿಗೆ ಕಟ್ಟಿದಳು. ಮರುವರ್ಷ ಬಿತ್ತಿದಳು, ಅರ್ಧ ಉದುರಿತು, ಊರು ನಕ್ಕಿತು. ಉಳಿದದ್ದರಲ್ಲಿ ಮತ್ತೆ ಆರಿಸಿದಳು. ಹೀಗೆ ಆರು ವರ್ಷ. ಅಷ್ಟರಲ್ಲಿ ನಾವು ಸರ್ಕಾರದ ಬೀಜ ಬಿತ್ತಿ ಮೂರು ಸಲ ಕೈ ಸುಟ್ಟುಕೊಂಡಿದ್ದೆವು.

೧೯೬೭ರಲ್ಲಿ ಅವಳ ಗದ್ದೆಯ ತೆನೆ ಗಾಳಿಗೂ ಉದುರದೆ ನಿಂತಿತು. ದೇವು ಮುಂದಾಗಿ, ನಾವೆಲ್ಲ ಹಿಂದಾಗಿ ಅವಳ ಅಂಗಳಕ್ಕೆ ಹೋದೆವು. ಊರಿನ ಒಳ್ಳೆಯದಕ್ಕೆ ಬೀಜ ಹಂಚಬೇಕು ಎಂದ ದೇವು. ನಾಚಿಕೆಗೆಟ್ಟವನು! ಕ್ಷಮೆಯ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ, ನಮ್ಮ ಬಾಯಿಂದಲೂ ಬರಲಿಲ್ಲ.

ಹೊನ್ನಿ ಕಟ್ಟೆಯ ಕಡೆ ಕೈ ತೋರಿಸಿದಳು. "ಕಾಡುಭತ್ತ ಅಲ್ಲೇ ಅದೆ, ಭಾವ. ನಾ ಆರ್ಸ್ದಾಂಗೇ ಆರ್ಸ್ಕಣಿ."

ದೇವು ಬೈಯುತ್ತ ಮನೆಗೆ ಹೋದ. ನಾನು ಕೆಸರಿಗೆ ಇಳಿದೆ. ಸಂಜೆಯ ತನಕ ತೆನೆ ಅಲುಗಾಡಿಸಿ ಸಿಕ್ಕಿದ್ದು ಅರ್ಧ ಹಿಡಿ ಕಾಳು. ಹೊನ್ನಿ ಅದನ್ನು ಅಂಗೈಯಲ್ಲಿ ಹರಡಿ ನೋಡಿ, ಬೀಜಕ್ಕೆ ಮೂರು ಕಾಳು ಉಳಿಸಿ ಬಾಕಿಯದನ್ನು ಕೋಳಿಗೆ ಎಸೆದಳು.