ಗಾಳಿ ಎಳೆಯುವ ಕಡೆ

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾರ ಪಂಪ್‌ಸೆಟ್ಟು ನೀರೆತ್ತದಿದ್ದರೂ ಮೊದಲು ನನಗೇ ಫೋನು ಬರುತ್ತದೆ. ಮೋಟಾರಿನ ಪಕ್ಕ ಫೋನು ಹಿಡಿಸಿ ಸದ್ದು ಕೇಳಿದರೆ ಸಾಕು, ಕಾಯಿಲ್ ಸುಟ್ಟಿದೆಯೋ, ಬೇರಿಂಗ್ ಹೋಗಿದೆಯೋ ಅಲ್ಲಿಂದಲೇ ಹೇಳಿಬಿಡುತ್ತೇನೆ. ಎಂಟು ವರ್ಷದ ಹಿಂದೆ ಕೊಂಡ ಹಳೆಯ ಪೆಟ್ರೋಲ್ ಕಾರನ್ನೂ ಒಂದು ದಿನ ಗ್ಯಾರೇಜಿಗೆ ಬಿಟ್ಟವನಲ್ಲ. ಬ್ರೇಕು, ಕ್ಲಚ್ಚು, ರೇಡಿಯೇಟರು ಎಲ್ಲಕ್ಕೂ ನನ್ನ ಕೈಯೇ ಬಿದ್ದಿದೆ. ಆ ಕಾರು ನನ್ನನ್ನು ಒಂದು ಸಲ ಹನ್ನೊಂದು ದಿನ ಆಟ ಆಡಿಸಿತು.

ಆಗ ಬೂಕನಕೆರೆಗೆ ಕೊಟ್ಟಿದ್ದ ಮಗಳು ಏಳು ತಿಂಗಳ ಬಸುರಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮಲ್ಲಿ ಎಂಟನೇ ತಿಂಗಳಲ್ಲಿ ಬಸುರಿಯನ್ನು ಮನೆಯಿಂದ ಕಳಿಸುವುದಿಲ್ಲ. ಏಳು ತುಂಬುವುದರೊಳಗೆ ಕರೆತರದಿದ್ದರೆ ಒಂಬತ್ತಕ್ಕೇ ಹೋಯಿತು. ಬೀಗರು ಒಂದು ಭಾನುವಾರ ಗೊತ್ತು ಮಾಡಿದ್ದರು. ನಾವು ಹೋಗಿ, ಬಳೆ ತೊಡಿಸಿ, ಊಟ ಮುಗಿಸಿ, ಅವಳನ್ನು ನಮ್ಮೂರು ಕಿರಂಗೂರಿಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು.

ಆ ಭಾನುವಾರಕ್ಕೆ ಹನ್ನೊಂದು ದಿನ ಇರುವಾಗ ಪಾಂಡವಪುರದಿಂದ ನಾನೂ ನನ್ನ ಹೆಂಡತಿಯೂ ಬರುತ್ತಿದ್ದೆವು. ರಸ್ತೆಯ ಹಂಪಿನ ಹತ್ತಿರ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಇಂಜಿನ್ನು ನಡುಗಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದರೆ ಹೊರಟಿತು. ಮುಂದಿನ ಹಂಪಿನಲ್ಲಿ ಮತ್ತೆ ನಿಂತಿತು. ಓಡುವಾಗ ಏನೂ ತೊಂದರೆಯಿಲ್ಲ, ಕಾಲು ತೆಗೆದರೆ ಮಾತ್ರ ಉಸಿರು ಕಟ್ಟಿದಂತೆ ಆಗುತ್ತಿತ್ತು. ಮನೆ ಸೇರುವಷ್ಟರಲ್ಲಿ ಐದು ಸಲ ನಿಂತಿತ್ತು.

"ಇದ್ರಲ್ಲಾ ನೀವು ಬಸ್ರೀನ ಕೂರುಸ್ಕೊಂಡ್ ಬರಾದು?" ಎಂದಳು ಹೆಂಡತಿ, ಇಳಿಯುತ್ತಾ. "ಬಾಡುಗೆ ಕಾರ್ ಮಾಡ್ಬುಡಿ."

"ಸುಮ್ಕಿರು. ಊರೋರ ಮೋಟ್ರೆಲ್ಲ ರಿಪೇರಿ ಮಾಡೋನು ಬಾಡುಗೆ ಕಾರಲ್ಲಿ ಬೀಗ್ರ ಮನೆಗೋದ್ರೆ ನಗಾಡಲ್ವಾ?"

"ನಗಾಡ್ಲಿ ಬುಡಿ. ನಡುದಾರೀಲಿ ನಿಂತೋದ್ರೆ ನನ್ ಮಗ್ಳು ನಿಮ್ ಕಾರ್ ತಳ್ತಾಳಾ?"

ಶನಿವಾರದೊಳಗೆ ಸರಿ ಮಾಡುತ್ತೇನೆ, ಆಗದಿದ್ದರೆ ನೀನು ಹೇಳಿದ ಹಾಗೆ ಎಂದು ಮಾತು ಕೊಟ್ಟೆ.

ಮಾರನೆಯ ದಿನ ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದೆ. ಆಮೇಲೆ ಪೆಟ್ರೋಲ್ ಫಿಲ್ಟರು ಬದಲಾಯಿಸಿದೆ. ಏರ್ ಫಿಲ್ಟರನ್ನು ಕಲ್ಲಿಗೆ ಬಡಿದು ಧೂಳು ಕೊಡವಿದೆ. ಇಂಜಿನ್ನು ಮಾತ್ರ ಅದೇ ರೀತಿ ಓಲಾಡುತ್ತಿತ್ತು, ಒಮ್ಮೆ ಜೋರಾಗಿ, ಒಮ್ಮೆ ಸಾಯುವ ಹಾಗೆ. ಪಂಪ್‌ಸೆಟ್ಟು ಮಾಡುವವರಿಗೆ ರಿಪೇರಿ ಮಾಡುವವನ ಕೈ ಎಷ್ಟು ದಪ್ಪ ಎಂಬುದು ಗೊತ್ತಿರುತ್ತದೆ. ಈ ಕಾರು ಮಾಡಿದವರಿಗೆ ಮನುಷ್ಯನಿಗೆ ಕೈಯಿದೆ ಎಂಬುದೇ ಗೊತ್ತಿದ್ದಂತಿಲ್ಲ. ಒಂದು ಸ್ಕ್ರೂ ತಲುಪಬೇಕಾದರೆ ಬ್ಯಾಟರಿ ಇಳಿಸಬೇಕು. ಬ್ಯಾಟರಿ ಇಳಿಸಬೇಕಾದರೆ ಅದರ ಪಟ್ಟಿ ಬಿಚ್ಚಬೇಕು. ಪಟ್ಟಿಯ ನಟ್ಟು ತುಕ್ಕು ಹಿಡಿದು ಕೂತಿತ್ತು. ನನ್ನ ಎಡಗೈಯ ನಾಲ್ಕು ಗೆಣ್ಣೂ ತರಚಿಹೋದವು.

ಐದನೆಯ ದಿನ ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಮೇಲೆ ಕಣ್ಣು ಬಿತ್ತು. ಇಂಜಿನ್ನು ಉಸಿರಾಡುವುದು ಅದರಲ್ಲೇ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುತ್ತದೆ. ಮೇಲುಗಡೆ ಒಂದು ಸಣ್ಣ ಬಿರುಕು ಕಂಡಿತು. ಸಿಕ್ಕಿತು ಎಂದುಕೊಂಡೆ. ನಮ್ಮವರು ಗದ್ದೆಯ ಪೈಪು ಸೋರಿದರೆ ಮಾಡುವುದನ್ನೇ ಮಾಡಿದೆ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕೊಯ್ದು, ಎಳೆದೆಳೆದು ಸುತ್ತಿದೆ. ಸ್ಟಾರ್ಟ್ ಮಾಡಿ, ಪಂಕ್ಚರ್ ಅಂಗಡಿಯವರಂತೆ ಪೈಪಿನ ಮೇಲೆಲ್ಲ ಸೋಪಿನ ನೀರು ಸುರಿದು ಗುಳ್ಳೆ ಏಳುತ್ತದೆಯೇ ಎಂದು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಪೈಪು ಸರಿಯಾಯಿತೆಂದು ಬಾನೆಟ್ಟು ಮುಚ್ಚಿದೆ. ಬನ್ನಂಗಾಡಿಯ ಕಡೆ ಓಡಿಸಿಕೊಂಡು ಹೋದರೆ ಮೊದಲ ಹಂಪಿನಲ್ಲೇ ನಿಂತಿತು.

ಶ್ರೀರಂಗಪಟ್ಟಣದ ಪೇಟೆಯಲ್ಲಿ ಗ್ಯಾರೇಜ್ ಇಟ್ಟಿರುವ ಭಾಯ್ ನನ್ನ ಹಳೆಯ ಸ್ನೇಹಿತ. ಅವನ ಅಂಗಡಿಯ ಕಂಪ್ರೆಸರ್ ಮೋಟಾರು ಕೆಟ್ಟರೆ ನಾನೇ ಅದರ ಕಾಯಿಲ್ ಸುತ್ತಿಕೊಡುವುದು. ಸುಮ್ಮನೆ ವಿಚಾರಿಸೋಣವೆಂದು ಫೋನು ಮಾಡಿದೆ.

"ಅರೇ ಗೌಡಾ, ಇಲ್ಲಿಗೆ ತಗೊಂಡ್ ಬಾರಯ್ಯ," ಎಂದು ಅವನು ನಕ್ಕ. "ಎಂಟು ವರ್ಷ ಆಯ್ತು, ನಿನ್ ಗಾಡೀದು ಮೂತಿ ತೋರ್ಸಿಲ್ಲ ನಂಗೆ. ಪರ್ದಾದಲ್ಲಿ ಇಟ್ಟಿದ್ದೀಯಾ?"

"ನಾನೇ ಮಾಡ್ಕತೀನಿ ಬುಡು ಭಾಯ್."

"ಮಾಡ್ಕೋ, ಮಾಡ್ಕೋ. ಖುದಾ ನಿನ್ಗೆ ತಾಕತ್ ಕೊಡ್ಲಿ!"

ಆ ನಗು ಎರಡು ದಿನ ಕಿವಿಯಲ್ಲೇ ಇತ್ತು.

ಗುರುವಾರ ಬಿಂಡಿಗನವಿಲೆಯಿಂದ ಒಬ್ಬ ರೈತ ಕರೆದ. ತೆರೆದ ಬಾವಿಯ ಪಂಪು ತಿರುಗುತ್ತದೆ, ನೀರು ಬರುವುದಿಲ್ಲ ಎಂದ. ಕಾರನ್ನು ನಂಬುವ ಹಾಗಿರಲಿಲ್ಲ. ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದೆ. ಬಾವಿಯ ಹತ್ತಿರ ಹೋಗಿ ನೋಡಿದರೆ, ಆ ಪುಣ್ಯಾತ್ಮ ಪಂಪಿನಿಂದ ಹೊಲಕ್ಕೆ ಹೋಗುವ ಪೈಪಿಗೆ ಉದ್ದಕ್ಕೂ ಟ್ಯೂಬು ಸುತ್ತಿದ್ದ. ನನಗೆ ರೇಗಿಹೋಯಿತು.

"ಏನ್ಲಾ ಇದು ಕೆಲ್ಸ? ಇದು ತಳ್ಳೋ ಕಡೆ ಕಣ್ಲಾ. ಇಲ್ಲಿ ತೂತಾಗಿದ್ರೆ ನೀರು ಆಚೆಗ್ ಚಿಮ್ಮದು, ನಿನ್ ಕಣ್ಗೇ ಕಾಣದು. ಬಾವಿಯಿಂದ ಎಳೆಯೋ ಕಡೆ ನೋಡು. ಅಲ್ಲಿ ತೂತಾದ್ರೆ ಆಚೆಗೇನೂ ಬರಕಿಲ್ಲ. ಗಾಳಿ ಒಳೀಕ್ ಓಯ್ತದೆ. ಏನೂ ಸೋರ್ತಿಲ್ಲ ಅಂತ ನಿನ್ನಂಥ ಪೆದ್ದ ಸುಮ್ಕಿರ್ತಾನೆ..."

ಮಾತು ಅಲ್ಲೇ ನಿಂತಿತು. ಸೋಪಿನ ನೀರು, ಏಳದ ಗುಳ್ಳೆ, ಮುಚ್ಚಿದ ಬಾನೆಟ್ಟು ಎಲ್ಲವೂ ಕಣ್ಣಮುಂದೆ ಬಂದವು. ಕಾರಿನ ಪೈಪೂ ಎಳೆಯುವ ಕಡೆಯದೇ. ಮೂವತ್ತು ವರ್ಷದಿಂದ ಊರೂರಿಗೆ ಹೋಗಿ ಹೇಳಿಕೊಟ್ಟ ಪಾಠ ನನ್ನ ಮನೆಯ ಅಂಗಳದಲ್ಲಿ ನನಗೇ ಮರೆತುಹೋಗಿತ್ತು.

"ಯಾಕಣ್ಣೋ, ಬಯ್ಯಾದ ನಿಲ್ಲುಸ್ಬುಟ್ಟೆ?" ಎಂದ ರೈತ.

"ಸಾಕು ಬುಡು. ಕೆಮ್ಮಣ್ಣು ಕಲಸ್ಕೊಂಡ್ ಬಾ."

ಪಂಪು ಓಡಿಸಿ, ಎಳೆಯುವ ಪೈಪಿನ ಜಾಯಿಂಟುಗಳಿಗೆ ಮಣ್ಣು ಮೆತ್ತಿದೆವು. ಎರಡನೆಯ ಜಾಯಿಂಟಿನಲ್ಲಿ ಮಣ್ಣು ಗುಳಿ ಬಿದ್ದು ಒಳಕ್ಕೆ ಹೋಯಿತು. ಅಲ್ಲೇ ಇತ್ತು ತೂತು. ವಾಷರು ಬದಲಾಯಿಸಿದ ಮೇಲೆ ನೀರು ಬಂತು. ಅವನು ಮಜ್ಜಿಗೆ ಕೊಟ್ಟರೂ ಕೂರದೆ ಬಸ್ಸು ಹಿಡಿದೆ.

ಮನೆಗೆ ಬಂದವನೇ ಬಾನೆಟ್ಟು ಎತ್ತಿದೆ. ಕಾರಿಗೆ ಮಣ್ಣು ಮೆತ್ತುವ ಹಾಗಿಲ್ಲ, ಇಂಜಿನ್ನಿನ ಹೊಟ್ಟೆ ಸೇರುತ್ತದೆ. ಸ್ಟಾರ್ಟ್ ಮಾಡಿ, ಅಂಗೈಯನ್ನೇ ಪೈಪಿನ ಮಡಿಕೆಗಳ ಮೇಲೆ ನಿಧಾನವಾಗಿ ಆಡಿಸಿದೆ. ಮೇಲೆ ಏನಿಲ್ಲ, ಪಕ್ಕದಲ್ಲೂ ಏನಿಲ್ಲ. ಕೈ ಕೆಳಗೆ ತೂರಿಸಿದಾಗ ಒಂದು ಮಡಿಕೆಯ ಹತ್ತಿರ ಕರು ಬೆರಳು ಚೀಪಿದ ಹಾಗೆ ಚರ್ಮವನ್ನು ಎಳೆಯಿತು. ಅಂಗೈಯಿಂದ ಒತ್ತಿ ಮುಚ್ಚಿದೆ. ಓಲಾಟ ನಿಂತು ಇಂಜಿನ್ನು ಒಂದೇ ಸಮ ಓಡತೊಡಗಿತು. ಕೈ ತೆಗೆದರೆ ಸಾಯುತ್ತಿತ್ತು, ಇಟ್ಟರೆ ಬದುಕುತ್ತಿತ್ತು. ಹೆಂಡತಿಯನ್ನು ಕರೆದು ಎರಡು ಸಲ ತೋರಿಸಿದೆ.

"ಸರಿ, ಭಾನ್ವಾರ ನೀವು ಇಂಗೇ ಕೈ ಇಟ್ಕೊಂಡಿರಿ, ಗಾಡೀನ ನಾನ್ ಓಡುಸ್ತೀನಿ," ಎಂದು ಅವಳು ಒಳಗೆ ಹೋದಳು.

ಶುಕ್ರವಾರ ಪೈಪು ಬಿಚ್ಚಿದೆ. ಕೆಳಗಿನ ಮಡಿಕೆ ಬೆರಳಿನ ಉದ್ದಕ್ಕೆ ಸೀಳಿತ್ತು. ಪಂಕ್ಚರ್ ಸೊಲ್ಯೂಷನ್ ಹಚ್ಚಿ, ಟ್ಯೂಬಿನ ತೇಪೆ ಕೂರಿಸಿ, ಅದರ ಮೇಲೆ ಪಟ್ಟಿ ಸುತ್ತಿ ಮತ್ತೆ ಜೋಡಿಸಿದೆ. ಪಾಂಡವಪುರಕ್ಕೆ ಹೋಗಿ ಬಂದೆ. ಒಂದು ಸಲವೂ ನಿಲ್ಲಲಿಲ್ಲ. ಗೆದ್ದೆ ಎಂದು ಎದೆಯುಬ್ಬಿಸಿಕೊಂಡು ಬಂದು ಬಾನೆಟ್ಟು ಎತ್ತಿ, ಕೆಳಗೆ ಬೆರಳಾಡಿಸಿದೆ. ತೇಪೆಯ ಒಂದು ತುದಿ ಎದ್ದಿತ್ತು. ಹೆಚ್ಚೇನಲ್ಲ, ಉಗುರು ತೂರುವಷ್ಟು.

ಗದ್ದೆಯ ಪೈಪಾಗಿದ್ದರೆ ಅದರ ಮೇಲೆ ಇನ್ನೊಂದು ಸುತ್ತು ಸುತ್ತಿ ಒಂದು ಬೆಳೆ ತೆಗೆಯುತ್ತಿದ್ದೆ. ಪಂಪು ನಿಂತರೆ ಹೆಚ್ಚೆಂದರೆ ಅರ್ಧ ದಿನ ನೀರು ತಪ್ಪುತ್ತದೆ. ಆ ತುದಿಯನ್ನು ಬೆರಳಲ್ಲಿ ಒತ್ತಿದೆ, ಬಿಟ್ಟರೆ ಮತ್ತೆ ಎದ್ದಿತು. ಇದು ಭಾನುವಾರದ ಮಟ್ಟಿಗೆ ತಡೆಯುತ್ತದೆ ಎಂದು ಒಳ್ಳೆ ಕೆಲಸಗಾರ ಹೇಳಬಹುದು. ಮಗಳ ಅಪ್ಪ ಹೇಳುವ ಹಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಕಾರನ್ನು ಭಾಯ್ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

"ಬಂತಾ ದುಲ್ಹನ್, ಮದ್ವೆ ಹೆಣ್ಣು!" ಎಂದು ಅವನು ಎರಡೂ ಕೈ ಎತ್ತಿದ. ಬಾನೆಟ್ಟಿನೊಳಗೆ ಬಗ್ಗಿ ನನ್ನ ತೇಪೆಯನ್ನು ನೋಡಿ, "ಮೋಟ್ರು ಸುತ್ತೋ ಕೈ ಅಲ್ವಾ, ಪೇಟ ಕಟ್ಟಿದಂಗೆ ಕಟ್ಟಿದ್ದೀಯ," ಎಂದ.

"ಹೊಸ ಪೈಪ್ ಅದಾ ಇಲ್ವಾ ಹೇಳು. ಇದ್ರೆ ಕೊಡು, ನಾನೇ ಹಾಕ್ಕತೀನಿ."

"ನೀನೇ ಹಾಕ್ಕೋ ಮಾರಾಯ. ನಾನು ಚಾ ಕುಡಿತಾ ನೋಡ್ತೀನಿ."

ಹಾಗೇ ಮಾಡಿದ. ಹಿಂದುಗಡೆಯ ಕ್ಲಿಪ್ಪು ಎರಡು ಸಲ ಕೈಜಾರಿ ಇಂಜಿನ್ನಿನ ಕೆಳಗೆ ಬಿತ್ತು. ಎರಡು ಸಲವೂ ಅವನು ಅಹಹಾ ಎಂದ, ಲೋಟ ಮಾತ್ರ ಕೆಳಗಿಡಲಿಲ್ಲ. ಮೂರನೆಯ ಸಲ ಕ್ಲಿಪ್ಪು ಕೂತಿತು. ಅವನೇ ಎದ್ದು ಬಂದು, ಪೈಪಿನ ಕೆಳಗೆ ಕೈ ತೂರಿಸಿ ನೋಡಿ, "ಪಕ್ಕಾ," ಎಂದ. ಆ ಮಾತು ನನಗೆ ಬೇಕಿತ್ತು. ಹಳೆಯ ಪೈಪನ್ನು ಎಸೆಯದೆ ಡಿಕ್ಕಿಯಲ್ಲಿಟ್ಟುಕೊಂಡು ಬಂದೆ.

ಭಾನುವಾರ ಬೂಕನಕೆರೆಯಲ್ಲಿ ಬಳೆ ತೊಡಿಸಿ, ಊಟ ಮುಗಿಸಿ ಹೊರಟೆವು. ಮಗಳು ಹಿಂದೆ ಅವಳವ್ವನ ಪಕ್ಕದಲ್ಲಿ ಎರಡು ದಿಂಬಿನ ನಡುವೆ ಕೂತಿದ್ದಳು. ಕೈ ಅಲ್ಲಾಡಿದರೆ ಹಸಿರು ಬಳೆಗಳು ಸದ್ದು ಮಾಡುತ್ತಿದ್ದವು. ಚಿನಕುರಳಿ ದಾಟಿದ ಮೇಲೂ ಹೆಂಡತಿ ಒಂದೊಂದು ಹಂಪಿಗೂ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ನೋಡದವನಂತೆ ಇದ್ದೆ.

ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಎಲ್ಲೋ ಒಂದು ಟ್ರೇಲರು ಅಡ್ಡ ಬಿದ್ದಿದೆ ಎಂದರು. ನಮ್ಮ ಹಿಂದೆಯೂ ಗಾಡಿಗಳು ಬಂದು ನಿಂತವು. ಅಕ್ಕಪಕ್ಕದವರೆಲ್ಲ ಇಂಜಿನ್ ಆಫ್ ಮಾಡಿದರು.

"ನೀವೂ ಆಫ್ ಮಾಡಿ," ಎಂದಳು ಹೆಂಡತಿ.

ನಾನು ಮಾಡಲಿಲ್ಲ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು ಚಪ್ಪಲಿಯ ಮೇಲೆ ಇಟ್ಟುಕೊಂಡೆ. ಇಂಜಿನ್ನು ತನ್ನ ಪಾಡಿಗೆ ತಾನು ಓಡುತ್ತಿತ್ತು. ಸ್ಟೀರಿಂಗಿನ ಮೇಲಿಟ್ಟ ಬೆರಳಿಗೂ ನಡುಕ ತಾಗುತ್ತಿರಲಿಲ್ಲ. ಕಾಲು ಗಂಟೆ ಹಾಗೇ ಬಿಟ್ಟೆ.

"ಅಪ್ಪಾ, ಗಾಡಿ ಆಫ್ ಆಗೋಯ್ತಾ?" ಎಂದಳು ಮಗಳು, ತೂಕಡಿಕೆಯಲ್ಲೇ. "ಸದ್ದೇ ಇಲ್ವಲ್ಲ."

"ಓಡ್ತಾದೆ ಕಣವ್ವ. ನೀನ್ ಮನಿಕೊ."

ಹೆಂಡತಿ ಮುಂದಿನ ಸೀಟಿನಿಂದ ಕೈ ತೆಗೆದು, ಮಗಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮುಂದಿನ ಟ್ರಾಕ್ಟರು ಕದಲಿತು. ನಾನು ಗೇರು ಹಾಕಿದೆ.